ಇಂಗಾಲದ ಎಳೆಯ ತಂತಿವಾದ್ಯಗಳು

ಮರಕ್ಕೆ ಬದಲಾಗಿ, ಇಂಗಾಲದ ಸೂಕ್ಷ್ಮವಾದ ಎಳೆಗಳನ್ನು ರಾಳದಲ್ಲಿ ಹುದುಗಿಸಿ ಅಚ್ಚಿನಲ್ಲಿ ಗಟ್ಟಿಗೊಳಿಸಿದ ಸಂಯೋಜಿತ ವಸ್ತುವಿನಿಂದ ಒಡಲನ್ನಾಗಲಿ ನಾದಫಲಕವನ್ನಾಗಲಿ ಕೊರಳನ್ನಾಗಲಿ ನಿರ್ಮಿಸಿದ ಪಿಟೀಲು, ವಯೋಲಾ, ಚೆಲ್ಲೊ, ಡಬಲ್ ಬಾಸ್, ಗಿಟಾರು ಮೊದಲಾದ ವಾದ್ಯಗಳನ್ನು ಇಂಗಾಲದ ಎಳೆಯ ತಂತಿವಾದ್ಯಗಳೆಂದು ಕರೆಯುತ್ತಾರೆ. ವಾದಕರಲ್ಲಿಯೂ ವರ್ತಕರಲ್ಲಿಯೂ ಕಾರ್ಬನ್ ಫೈಬರ್ ವಾದ್ಯವೆಂಬ ಹೆಸರೇ ಹೆಚ್ಚು ರೂಢವಾಗಿದೆ. 1970ರ ದಶಕದಲ್ಲಿ ಪ್ರಯೋಗರೂಪದಲ್ಲಿ ತಲೆದೋರಿದ ಈ ವಾದ್ಯಗಳು 1990ರ ದಶಕದಿಂದೀಚೆಗೆ ಮಾರುಕಟ್ಟೆಯಲ್ಲಿ ನೆಲೆಯೂರಿ, ಶೀತೋಷ್ಣಗಳಿಗೂ ಆರ್ದ್ರತೆಗೂ ಜಗ್ಗದ ತಮ್ಮ ಸ್ಥಿರತೆಯ ಬಲದಿಂದ ಮರದ ವಾದ್ಯಗಳಿಗೆ ಪರ್ಯಾಯವಾಗಿ ಬಳಕೆಗೆ ಬಂದಿವೆ.

ಪರಿಭಾಷೆ

ಈ ಲೇಖನದಲ್ಲಿ ಎಳೆ ಎಂದರೆ ಇಂಗಾಲದ ತಂತು. ತಂತಿ ಎಂದರೆ ವಾದ್ಯಕ್ಕೆ ಬಿಗಿದು ಮಿಡಿಯುವ ಅಥವಾ ಕಮಾನಿನಿಂದ ಉಜ್ಜುವ ಸಾಧನ. ಎಳೆಯೂ ರಾಳವೂ ಕೂಡಿ ಆದ ಗಟ್ಟಿ ಪದಾರ್ಥವು ಸಂಯೋಜಿತ ವಸ್ತು. ವಾದ್ಯದ ಮುಖದಲ್ಲಿದ್ದು ತಂತಿಗಳ ಕಂಪನವನ್ನು ಗಾಳಿಗೆ ಒಪ್ಪಿಸುವ ತೆಳುಹಲಗೆ ನಾದಫಲಕ. ಅದರ ಮೇಲೆ ನಿಂತು ತಂತಿಗಳನ್ನು ಹೊರುವ ಚಿಕ್ಕ ಸೇತುವೆ ಕುದುರೆ. ಪಿಟೀಲಿನ ಜಾತಿಯ ವಾದ್ಯಗಳಲ್ಲಿ ಕುದುರೆಯ ಒಂದು ಕಾಲಿನ ಸಮೀಪದಲ್ಲಿ ಮೇಲು ಹಲಗೆಗೂ ಕೆಳ ಹಲಗೆಗೂ ನಡುವೆ ನಿಲ್ಲಿಸುವ ಕಡ್ಡಿಯನ್ನು ಒಳಗಂಬವೆಂದೂ, ಇನ್ನೊಂದು ಕಾಲಿನ ಅಡಿಯಲ್ಲಿ ನಾದಫಲಕದ ಒಳಮೈಗೆ ಉದ್ದಕ್ಕೂ ಅಂಟಿಸುವ ಪಟ್ಟಿಯನ್ನು ಒಳಪಟ್ಟಿಯೆಂದೂ ಹೇಳಿದೆ. ಕಂಪಿಸುತ್ತಿರುವ ವಸ್ತುವು ತನ್ನೊಳಗಿನ ಘರ್ಷಣೆಯಿಂದ ಕಂಪನವನ್ನು ಕ್ರಮೇಣ ನುಂಗಿಕೊಳ್ಳುವ ಗುಣಕ್ಕೆ ಅವಮಂದನವೆಂದು ಹೆಸರು.

ಮರದ ವಾದ್ಯದ ಹಿನ್ನೆಲೆ

ಹದಿನಾರನೆಯ ಶತಮಾನದಲ್ಲಿ ಇಟಲಿಯ ಕ್ರೆಮೋನಾ ನಗರದಲ್ಲಿ ಆಂದ್ರೆಯಾ ಅಮಾತಿಯ ಕೈಯಲ್ಲಿ ಒಂದು ನಿಲುಗಡೆಗೆ ಬಂದು, ಅಂತೋನಿಯೊ ಸ್ತ್ರಾದಿವಾರಿ (1644–1737) ಮತ್ತು ದೆಲ್ ಜೆಸು ಎಂದು ಪ್ರಸಿದ್ಧನಾದ ಗ್ವಾರ್ನೇರಿ (1698–1744) ಇವರಿಂದ ಪರಿಪೂರ್ಣತೆಯನ್ನು ಪಡೆದ ಪಿಟೀಲಿನ ರಚನೆಯು ಅಂದಿನಿಂದ ಇಂದಿನವರೆಗೆ ಮೂಲಭೂತವಾಗಿ ಬದಲಾಗಿಲ್ಲ. ನಾದಫಲಕಕ್ಕೆ ಸ್ಪ್ರೂಸ್, ಬೆನ್ನಿಗೂ ಪಕ್ಕಗಳಿಗೂ ಕೊರಳಿಗೂ ಮೇಪಲ್, ಬೆರಳೋಡುವ ಪಟ್ಟಿಗೆ ಕರಿಮರ, ಇವುಗಳನ್ನು ಕೂಡಿಸಲು ಪ್ರಾಣಿಗಳ ಚರ್ಮವನ್ನು ಬೇಯಿಸಿ ತೆಗೆದ ಅಂಟು: ಇದು ಸಂಪ್ರದಾಯ. ಕ್ರೆಮೋನಾದ ಈ ಕುಶಲಪರಂಪರೆಯನ್ನು ಯುನೆಸ್ಕೊ ಸಂಸ್ಥೆಯು 2012ರಲ್ಲಿ ಮಾನವಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಸ್ಪ್ರೂಸ್ ಮರವು ನಾದಫಲಕಕ್ಕೆ ಒದಗಿಬಂದುದು ಆಕಸ್ಮಿಕವಲ್ಲ. ನೀರಿನ ಸಾಂದ್ರತೆಯ ಸುಮಾರು ಹತ್ತರಲ್ಲಿ ನಾಲ್ಕು ಪಾಲಿನಷ್ಟೇ ಸಾಂದ್ರತೆಯುಳ್ಳ ಈ ಹಗುರ ಮರವು ನಾರಿನ ಉದ್ದಕ್ಕೆ ಬಹು ಬಿಗಿಯಾಗಿಯೂ ಅಡ್ಡಕ್ಕೆ ಅದರ ಹತ್ತನೆಯ ಒಂದು ಪಾಲಿಗಿಂತ ಕಡಿಮೆ ಬಿಗಿಯಾಗಿಯೂ ಇದೆ. ಉದ್ದದ ದಿಕ್ಕಿನಲ್ಲಿ ಶಬ್ದವು ಸೆಕೆಂಡಿಗೆ 5,000 ಮೀಟರಿಗೂ ಮೀರಿದ ವೇಗದಿಂದ ಚಲಿಸಿದರೆ ಅಡ್ಡದಲ್ಲಿ ಅದರ ಸುಮಾರು ನಾಲ್ಕನೆಯ ಒಂದು ಪಾಲಿನ ವೇಗದಿಂದ ಚಲಿಸುತ್ತದೆ. ದಿಕ್ಕಿನಿಂದ ದಿಕ್ಕಿಗೆ ಬೇರೆಯಾಗುವ ಈ ಗುಣಭೇದವೇ ನಾದಫಲಕದ ವರ್ತನೆಯ ಕೀಲಿಕೈ. ಮರದ ಬದಲಿಗೆ ಯಾವ ವಸ್ತುವನ್ನು ತಂದರೂ ಅದು ಮೊದಲು ಈ ಪರೀಕ್ಷೆಗೆ ಗುರಿಯಾಗಬೇಕಾಗುತ್ತದೆ.

ಆದರೆ ಮರವು ಕಡಿದ ಮೇಲೆಯೂ ವಾತಾವರಣದಿಂದ ನೀರಿನಂಶವನ್ನು ಹೀರುತ್ತ ಬಿಡುತ್ತ ಇರುವ ಪದಾರ್ಥ. ಆರ್ದ್ರತೆ ಹೆಚ್ಚಿದಾಗ ನಾರಿನ ಅಡ್ಡಕ್ಕೆ ಹಿಗ್ಗಿ, ಒಣಹವೆಯಲ್ಲಿ ಕುಗ್ಗಿ, ಅಂಚುಗಳು ಅಲುಗದಂತೆ ಅಂಟಿಸಿದ ಹಲಗೆಯು ಎಷ್ಟೋ ಸಲ ಸೀಳುತ್ತದೆ. ಕೊರಳು ಬಾಗಿ ತಂತಿಗಳ ಎತ್ತರ ಬದಲಾಗುತ್ತದೆ. ಬಿರಡೆಗಳು ಮಳೆಗಾಲದಲ್ಲಿ ಕಚ್ಚಿಕೊಂಡು ಚಳಿಗಾಲದಲ್ಲಿ ಜಾರುತ್ತವೆ. ಹಿಮದೇಶಗಳಲ್ಲಿ ಮನೆಯೊಳಗೆ ಉರಿಸುವ ಶಾಖಯಂತ್ರಗಳು ಹವೆಯನ್ನು ಒಣಗಿಸಿದಾಗಲೂ, ನಮ್ಮ ಕರಾವಳಿಯಂಥ ಪ್ರದೇಶಗಳಲ್ಲಿ ಮುಂಗಾರಿನ ತೇವವು ಅಂಟನ್ನು ಮೆತ್ತಗೆ ಮಾಡಿದಾಗಲೂ ಈ ತೊಂದರೆಗಳು ಸಮಾನವೇ. 2009ರ ಜನವರಿ 20ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕದ ಅಧ್ಯಕ್ಷರ ಪದಗ್ರಹಣ ಸಮಾರಂಭದ ಬಯಲು ವೇದಿಕೆಯ ಮೇಲೆ ಯೋ ಯೋ ಮಾ, ಇಟ್ಜಾಕ್ ಪರ್ಲ್‌ಮನ್ ಮೊದಲಾದ ನಾಲ್ವರು ವಾದಕರು ಕುಳಿತಿದ್ದರೂ, ಘೋರ ಚಳಿಯಲ್ಲಿ ವಾದ್ಯಗಳು ಶ್ರುತಿಯಲ್ಲಿ ನಿಲ್ಲುವ ಭರವಸೆಯಿಲ್ಲದ್ದರಿಂದ, ಎರಡು ದಿನ ಮೊದಲೇ ಮುದ್ರಿಸಿಟ್ಟ ಸಂಗೀತವನ್ನು ಸಭಿಕರಿಗೆ ಕೇಳಿಸಬೇಕಾಯಿತು. ಪ್ರಪಂಚದ ಅಗ್ರಗಣ್ಯ ವಾದಕರ ಕೈಯಲ್ಲಿಯೂ ಮರವು ಹವೆಗೆ ಅಧೀನವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಉಗಮ ಮತ್ತು ಬೆಳವಣಿಗೆ

ಮರವನ್ನೂ ರೂಢಿಯ ಆಕೃತಿಯನ್ನೂ ಮೀರಿ ತಂತಿವಾದ್ಯವನ್ನು ರಚಿಸುವ ಯತ್ನ ಇಂಗಾಲದ ಎಳೆಗಿಂತ ಹಳೆಯದು. ಫ್ರಾನ್ಸಿನ ಫೆಲಿಕ್ಸ್ ಸಾವಾರ್ 1819ರಲ್ಲಿ ಚಪ್ಪಟೆ ಹಲಗೆಗಳ ತ್ರಾಪಿಜ್ಯಾಕಾರದ ಪಿಟೀಲನ್ನು ವಿದ್ವಾಂಸರ ಮುಂದಿಟ್ಟನು. ಲಂಡನ್ನಿನ ಆಗಸ್ಟಸ್ ಸ್ಟ್ರೋ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ನಾದಪೆಟ್ಟಿಗೆಯನ್ನೇ ತೆಗೆದುಹಾಕಿ ಅಲ್ಯೂಮಿನಿಯಮ್ ಪೊರೆಯನ್ನೂ ಲೋಹದ ಕಹಳೆಯನ್ನೂ ಜೋಡಿಸಿದ ಪಿಟೀಲನ್ನು ರೂಪಿಸಿದನು. ಅದೇ ಕಾಲಕ್ಕೆ ಅಮೆರಿಕದಲ್ಲಿ ಅಲ್ಯೂಮಿನಿಯಮ್ಮಿನ ಗಿಟಾರು, ಮ್ಯಾಂಡೊಲಿನ್ನುಗಳೂ, 1930ರ ಆಸುಪಾಸಿನಲ್ಲಿ ಅಲ್ಯೂಮಿನಿಯಮ್ಮಿನ ಡಬಲ್ ಬಾಸುಗಳೂ ಮಾರಾಟಕ್ಕೆ ಬಂದವು. ಲೋಹದ ಈ ವಾದ್ಯಗಳು ಬಾಳಿಕೆಯಲ್ಲಿ ಗೆದ್ದುವಾದರೂ, ಲೋಹಕ್ಕೆ ಎಲ್ಲ ದಿಕ್ಕಿಗೂ ಒಂದೇ ಬಿಗಿತವಿರುವುದರಿಂದಲೂ ಅವಮಂದನ ಅತ್ಯಲ್ಪವಾದುದರಿಂದಲೂ ನಾದದಲ್ಲಿ ಮರದ ಸಮೀಪಕ್ಕೆ ಬರಲಿಲ್ಲ.

ಇಂಗಾಲದ ಎಳೆಯ ಇತಿಹಾಸವು ವಿದ್ಯುದ್ದೀಪದ ಇತಿಹಾಸದೊಡನೆ ಹೆಣೆದುಕೊಂಡಿದೆ. ಥಾಮಸ್ ಎಡಿಸನ್ನನು 1880ರ ಸುಮಾರಿಗೆ ತನ್ನ ದೀಪಗಳಲ್ಲಿ ಸುಟ್ಟು ಇಂಗಾಲವಾಗಿಸಿದ ಬಿದಿರಿನ ಎಳೆಯನ್ನು ಬಳಸಿದ್ದನು. ಆದರೆ ಬಲಕ್ಕೂ ಬಿಗಿತಕ್ಕೂ ಹೆಸರಾದ ಇಂದಿನ ಎಳೆಯು 1958ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಸಂಸ್ಥೆಯ ರೋಜರ್ ಬೇಕನ್ ನಡೆಸಿದ ಪ್ರಯೋಗಗಳಿಂದಲೂ, ಅನಂತರ ಜಪಾನಿನ ಒಸಾಕಾದಲ್ಲಿ ಅಕಿಯೊ ಶಿಂಡೊ ಪಾಲಿಅಕ್ರಿಲೊನೈಟ್ರೈಲ್ ಎಂಬ ಕೃತಕ ನೂಲಿನಿಂದ ಎಳೆ ತೆಗೆಯುವ ಮಾರ್ಗವನ್ನು ಕಂಡುಹಿಡಿದುದರಿಂದಲೂ, ಇಂಗ್ಲೆಂಡಿನ ಫಾರ್ನ್‌ಬರೊ ವಿಮಾನಸಂಶೋಧನ ಕೇಂದ್ರದಲ್ಲಿ 1960ರ ದಶಕದ ಮೊದಲ ಭಾಗದಲ್ಲಿ ಆ ಮಾರ್ಗವು ಪರಿಷ್ಕಾರಗೊಂಡುದರಿಂದಲೂ ರೂಪುಗೊಂಡಿತು. ಜಪಾನಿನ ತೋರೆ ಸಂಸ್ಥೆ 1971ರಲ್ಲಿ ಇದನ್ನು ವಾಣಿಜ್ಯಪ್ರಮಾಣದಲ್ಲಿ ತಯಾರಿಸತೊಡಗಿತು.

ವಾದ್ಯಗಳಿಗೆ ಈ ವಸ್ತು ಬಂದುದು ವಿಮಾನೋದ್ಯಮದ ಮೂಲಕ. ಕನೆಕ್ಟಿಕಟ್ಟಿನ ಹೆಲಿಕಾಪ್ಟರ್ ನಿರ್ಮಾಪಕ ಚಾರ್ಲ್ಸ್ ಕಾಮನ್ 1966ರಲ್ಲಿ ಸ್ಥಾಪಿಸಿದ ಓವೇಷನ್ ಸಂಸ್ಥೆಯು ಮೊದಲು ಗಾಜಿನ ಎಳೆಯ ದುಂಡುಬೆನ್ನಿನ ಗಿಟಾರನ್ನೂ, 1976ರಲ್ಲಿ ಎರಡು ಇಂಗಾಲದ ಪದರಗಳ ನಡುವೆ ಬರ್ಚ್ ಮರದ ತೆಳುಹಾಳೆಯನ್ನಿಟ್ಟ ನಾದಫಲಕವುಳ್ಳ ಅಡಮಾಸ್ ಗಿಟಾರನ್ನೂ ಹೊರತಂದಿತು. ಅದಕ್ಕೂ ಒಂದು ವರ್ಷ ಹಿಂದೆ, 1975ರಲ್ಲಿ, ಡೇನಿಯಲ್ ಹೇನ್ಸ್, ಕಾರ್ಲೀನ್ ಹಚಿನ್ಸ್, ಡೊನಾಲ್ಡ್ ಥಾಂಪ್ಸನ್ ಮೊದಲಾದವರು ಇಂಗಾಲ ಮತ್ತು ಎಪಾಕ್ಸಿ ರಾಳದ ನಾದಫಲಕವುಳ್ಳ ಪಿಟೀಲನ್ನೂ ಗಿಟಾರನ್ನೂ ರಚಿಸಿ ಅವುಗಳ ವಿವರವನ್ನು ಪ್ರಕಟಿಸಿದರು. ಪಿಟೀಲಿನ ಹಲಗೆಗಳ ಕಂಪನವನ್ನು ಬಾಳುದ್ದಕ್ಕೂ ಅಳೆಯುತ್ತಲೇ ನಡೆದ ಹಚಿನ್ಸ್ (1911–2009) ಇದರಲ್ಲಿ ಪಾಲುಗೊಂಡುದು ಗಮನಾರ್ಹ. ಹೊಸ ವಸ್ತುವನ್ನು ಅವರು ಮರದ ಶತ್ರುವೆಂದು ಭಾವಿಸದೆ, ಮರದ ರಹಸ್ಯವನ್ನು ತಿಳಿಯುವ ಸಾಧನವೆಂದು ಪರಿಗಣಿಸಿದರೆಂಬುದು ಆ ಕಾರ್ಯದ ಕ್ರಮದಿಂದಲೇ ವ್ಯಕ್ತವಾಗುತ್ತದೆ.

1970ರ ದಶಕದ ಉತ್ತರಾರ್ಧದಲ್ಲಿ ಕ್ಯಾಲಿಫೋರ್ನಿಯದಲ್ಲಿ ಜೆಫ್ ಗೂಲ್ಡ್ ವಿದ್ಯುತ್ ಬಾಸ್ ಗಿಟಾರಿಗೆ ಇಂಗಾಲದ ಕೊರಳನ್ನು ಅಳವಡಿಸಿದನು. 1980ರ ಹೊತ್ತಿಗೆ ನೆಡ್ ಸ್ಟೈನ್‌ಬರ್ಗರ್ ತಲೆಭಾಗವೇ ಇಲ್ಲದ, ಒಡಲು ಕಿರಿದಾದ ಬಾಸ್ ಗಿಟಾರನ್ನು ಸಂಯೋಜಿತ ವಸ್ತುವಿನಲ್ಲಿ ನಿರ್ಮಿಸಿದನು. ಪೂರ್ಣವಾಗಿ ಇಂಗಾಲದ್ದೇ ಆದ ಸಹಜನಾದದ ಗಿಟಾರನ್ನು 1990ರ ದಶಕದಲ್ಲಿ ಬಳಕೆಗೆ ತಂದವನು ಹವಾಯಿಯ ಭೌತವಿಜ್ಞಾನಿ ಜಾನ್ ಡೆಕರ್. ಆತನ ರೈನ್‌ಸಾಂಗ್ ವಾದ್ಯಗಳು ದ್ವೀಪದ ಮಳೆಗೂ ಬಿಸಿಲಿಗೂ ತಡೆಯುವಂತೆ ಕಲ್ಪಿತವಾದವು.

ಕಮಾನಿನಿಂದ ನುಡಿಸುವ ವಾದ್ಯಗಳಲ್ಲಿ ನಿರ್ಣಾಯಕವಾದ ಹೆಜ್ಜೆಯನ್ನಿಟ್ಟವರು ಬಾಸ್ಟನ್ ಸಿಂಫನಿ ವಾದ್ಯವೃಂದದ ಚೆಲ್ಲೊವಾದಕ ಲೂಯಿಸ್ ಲೆಗಿಯಾ. ಹಾಯಿದೋಣಿಯ ಒಡಲು ನೀರಿನ ಮೇಲೆ ಹೊಮ್ಮಿಸುವ ನಾದವನ್ನು ಗಮನಿಸಿ, ಅದೇ ಬಗೆಯ ವಸ್ತುವಿನಿಂದ ಚೆಲ್ಲೊ ರಚಿಸುವ ಯತ್ನವನ್ನು ಸ್ವತಃ ಆರಂಭಿಸಿದ ಅವರು, ಮುಂದೆ ದೋಣಿನಿರ್ಮಾಣದಲ್ಲಿ ನಿಪುಣನಾದ ಸ್ಟೀವ್ ಕ್ಲಾರ್ಕನೊಡನೆ ಕೂಡಿ ಲೂಯಿಸ್ ಅಂಡ್ ಕ್ಲಾರ್ಕ್ ಎಂಬ ಹೆಸರಿನಲ್ಲಿ ಚೆಲ್ಲೊ, ಪಿಟೀಲು, ವಯೋಲಾ, ಡಬಲ್ ಬಾಸುಗಳನ್ನು ಹೊರತಂದರು. ಯೋ ಯೋ ಮಾ ಅವರ ಬಳಿ ಈ ಚೆಲ್ಲೊ ಇದೆ. ಯುರೋಪಿನಲ್ಲಿ ಸಂಶೋಧಕರ ದಾರಿ ಬೇರೊಂದು ದಿಕ್ಕಿನಲ್ಲಿ ಸಾಗಿತು. ಪ್ಯಾರಿಸಿನಲ್ಲಿ ಶಾರ್ಲ್ ಬೆನೈನೂ, ಮ್ಯೂನಿಕ್ಕಿನಲ್ಲಿ ಪಿಟೀಲುನಿರ್ಮಾಣವನ್ನೂ ಭೌತಶಾಸ್ತ್ರವನ್ನೂ ಕಲಿತ ಮಾರ್ಟಿನ್ ಶ್ಲೆಸ್ಕೆ, ಬೆಲ್ಜಿಯಮ್ಮಿನ ಗೆಂಟ್ ವಿಶ್ವವಿದ್ಯಾಲಯದಲ್ಲಿ ಟಿಮ್ ಡ್ಯೂರಿಂಕ್ ಇವರು ಸಂಯೋಜಿತ ವಸ್ತುವಿನ ಫಲಕಗಳ ಕಂಪನವನ್ನು ಅಳೆದು ಮರದ ಫಲಕಗಳೊಡನೆ ತೂಗಿನೋಡುವ ಕಾರ್ಯದಲ್ಲಿ ತೊಡಗಿದರು.

ವಸ್ತುವಿನ ಸ್ವರೂಪ

ಒಂದೊಂದು ಎಳೆಯ ವ್ಯಾಸ 5ರಿಂದ 10 ಮೈಕ್ರೊಮೀಟರು. ತಲೆಗೂದಲಿಗಿಂತ ಹಲವು ಪಟ್ಟು ಸಣ್ಣದು. ಪಾಲಿಅಕ್ರಿಲೊನೈಟ್ರೈಲಿನ ನೂಲನ್ನು ಮೊದಲು 200ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಾಳಿಯಲ್ಲಿಯೇ ಹದಗೊಳಿಸಿ, ಬಳಿಕ ಆಮ್ಲಜನಕವಿಲ್ಲದ ಕುಲುಮೆಯಲ್ಲಿ 1,000 ಡಿಗ್ರಿಗೂ ಮೇಲೆ ಕಾಯಿಸಿದಾಗ ಇಂಗಾಲವಲ್ಲದ ಪರಮಾಣುಗಳು ಬಹುಮಟ್ಟಿಗೆ ಹೊರಹೋಗಿ, ಉಳಿದ ಇಂಗಾಲವು ಎಳೆಯ ಉದ್ದಕ್ಕೆ ಹೊಂದಿಕೊಂಡ ಪದರಗಳಾಗಿ ನಿಲ್ಲುತ್ತದೆ. ಸಾವಿರಾರು ಎಳೆಗಳ ಕಟ್ಟುಗಳನ್ನು ಬಟ್ಟೆಯಂತೆ ನೇಯ್ದು ಅಥವಾ ಒಂದೇ ದಿಕ್ಕಿಗೆ ಹಾಸಿ ಹಾಳೆಗಳನ್ನು ಮಾಡುವರು.

ಸಾಮಾನ್ಯ ದರ್ಜೆಯ ಎಳೆಯ ಸ್ಥಿತಿಸ್ಥಾಪಕತ್ವ ಗುಣಾಂಕ ಸುಮಾರು 230 ಗಿಗಾಪಾಸ್ಕಲ್. ಒಂದೇ ದಿಕ್ಕಿನ ಎಳೆಗಳನ್ನು ರಾಳದಲ್ಲಿ ಕೂಡಿಸಿದಾಗ ಆ ದಿಕ್ಕಿನಲ್ಲಿ ಸುಮಾರು 130. ಸ್ಪ್ರೂಸ್ ಮರದ ಉದ್ದದ ದಿಕ್ಕಿನ ಗುಣಾಂಕ 10ರಿಂದ 13 ಗಿಗಾಪಾಸ್ಕಲ್ ಮಾತ್ರ. ಬಿಗಿತವೊಂದನ್ನೇ ನೋಡಿದರೆ ಇಂಗಾಲವು ಹತ್ತು ಮಡಿ ಮೇಲು. ಆದರೆ ಸಂಯೋಜಿತ ವಸ್ತುವಿನ ಸಾಂದ್ರತೆಯು ಘನ ಸೆಂಟಿಮೀಟರಿಗೆ ಸುಮಾರು 1.6 ಗ್ರಾಂ, ಅಂದರೆ ಸ್ಪ್ರೂಸಿನ ನಾಲ್ಕು ಪಟ್ಟು. ಹಲಗೆಯೊಂದರ ಬಾಗುವಿಕೆಯ ಬಿಗಿತವು ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ, 3 ಮಿಲಿಮೀಟರು ದಪ್ಪದ ಸ್ಪ್ರೂಸ್ ಫಲಕಕ್ಕೆ ಸರಿಸಮವಾದ ಬಿಗಿತವನ್ನು ಪಡೆಯಲು ಇಂಗಾಲದ ಫಲಕವು ಸ್ಥೂಲವಾಗಿ 1.4 ಮಿಲಿಮೀಟರು ದಪ್ಪವಿರಬೇಕು. ಆಗ ಅದರ ತೂಕ ಮರದ ಫಲಕದ ಎರಡರಷ್ಟಕ್ಕೆ ಸಮೀಪಿಸುತ್ತದೆ. ಲೋಕರೂಢಿಯಲ್ಲಿ ಹಗುರವೆಂದು ಖ್ಯಾತಿಗೊಂಡ ಈ ವಸ್ತುವು ಬಾಗುವ ತೆಳುಹಲಗೆಯ ರೂಪದಲ್ಲಿ ಸ್ಪ್ರೂಸಿಗಿಂತ ಭಾರವಾಗಿ ಪರಿಣಮಿಸುವ ಈ ಸಂಗತಿಯೇ ಇಂಗಾಲದ ವಾದ್ಯಗಳ ರಚನೆಯಲ್ಲಿರುವ ಎಲ್ಲ ಜಾಣ್ಮೆಗೂ ಕಾರಣ. ಭಾರವಾದ ಫಲಕವು ತಂತಿಯ ಅಲ್ಪ ಶಕ್ತಿಗೆ ಸುಲಭವಾಗಿ ಅಲುಗದು; ಅಲುಗಿದರೂ ಗಾಳಿಗೆ ಕೊಡುವ ನಾದ ಕಡಿಮೆ.

ಈ ತೊಡಕಿಗೆ ಎರಡು ಪರಿಹಾರಗಳು ಕಂಡುಬಂದಿವೆ. ಬಾಲ್ಸಾ ಮರ, ಗಟ್ಟಿನೊರೆ ಮುಂತಾದ ಅತಿ ಹಗುರ ಪದಾರ್ಥವನ್ನು ನಡುವೆ ಇಟ್ಟು, ಎರಡು ಹೊರಮೈಗಳಿಗೆ ಮಾತ್ರ ಇಂಗಾಲದ ತೆಳುಪದರವನ್ನು ಹಾಸಿದ ಫಲಕವು ಮೊದಲನೆಯದು. ಇದರಲ್ಲಿ ಬಿಗಿತವು ಉಳಿದು ತೂಕವು ಇಳಿಯುತ್ತದೆ. ಎರಡನೆಯದು, ಫಲಕವನ್ನು ಬೇಕಾದಷ್ಟು ತೆಳುವಾಗಿಯೇ ಮಾಡಿ, ಎಳೆಗಳ ದಿಕ್ಕನ್ನೂ ಮೇಲುಮೈಯ ಉಬ್ಬನ್ನೂ ಹವಣಿಸಿ ಬಿಗಿತವನ್ನು ಸರಿತೂಗಿಸುವುದು. ಎಳೆಗಳನ್ನು ಬಹುಪಾಲು ಉದ್ದಕ್ಕೆ ಹಾಸಿ ಅಡ್ಡಕ್ಕೆ ಕೆಲವನ್ನೇ ಇಟ್ಟರೆ ಸ್ಪ್ರೂಸಿನ ದಿಗ್ಭೇದವನ್ನು ಅನುಕರಿಸಬಹುದು. ಮರದಲ್ಲಿ ಪ್ರಕೃತಿಯು ಕೊಟ್ಟುದನ್ನು ಸ್ವೀಕರಿಸಬೇಕಾದ ಕುಶಲಿಗೆ ಇಲ್ಲಿ ಅದನ್ನು ತಾನೇ ನಿರ್ಧರಿಸುವ ಸ್ವಾತಂತ್ರ್ಯ ದೊರೆತಿದೆ.

ನಿರ್ಮಾಣಕ್ರಮ

ಮರದ ಪಿಟೀಲನ್ನು ದಪ್ಪ ಹಲಗೆಯಿಂದ ಕೆತ್ತಿ ಕೆತ್ತಿ ತೆಳುಗೊಳಿಸುವರು. ಇಂಗಾಲದ ವಾದ್ಯವನ್ನು ಪದರದ ಮೇಲೆ ಪದರವಿಟ್ಟು ಬೆಳೆಸುವರು. ಮೊದಲು ವಾದ್ಯದ ಹೊರಮೈಯನ್ನು ತಗ್ಗಾಗಿ ತೋರುವ ಅಚ್ಚನ್ನು ಸಿದ್ಧಮಾಡಿ, ಅದರ ಒಳಮೈಯನ್ನು ನುಣುಪಾಗಿ ಉಜ್ಜಿ, ವಾದ್ಯವು ಅಂಟಿಕೊಳ್ಳದಂತೆ ಮೇಣವನ್ನು ಸವರುತ್ತಾರೆ. ರಾಳವನ್ನು ಮೊದಲೇ ತುಂಬಿ ಶೀತಲದಲ್ಲಿ ಇಟ್ಟಿದ್ದ ಹಾಳೆಗಳನ್ನು ಮಾದರಿತುಂಡುಗಳ ಪ್ರಕಾರ ಕತ್ತರಿಸಿ, ಎಳೆಗಳ ಕೋನವನ್ನು ಗುರುತಿಸಿಕೊಂಡು, ಉಬ್ಬುತಗ್ಗುಗಳಲ್ಲಿ ಸುಕ್ಕು ಬೀಳದ ಹಾಗೆ ಬೆರಳಿನಿಂದ ಒತ್ತುತ್ತ ಅಚ್ಚಿನೊಳಗೆ ಹಾಸುವ ಈ ಹಂತವೇ ಅತ್ಯಂತ ಸೂಕ್ಷ್ಮವಾದದ್ದು. ಎಳೆಯ ದಿಕ್ಕು ಕೊಂಚ ಓರೆಯಾದರೂ ಫಲಕದ ಬಿಗಿತ ಬೇರೆಯಾಗುತ್ತದೆ. ಅನಂತರ ಅಚ್ಚಿನ ಮೇಲೆ ಪ್ಲಾಸ್ಟಿಕ್ಕಿನ ಚೀಲವನ್ನು ಮುಚ್ಚಿ ಅಂಚನ್ನು ಬಿಗಿದು, ಒಳಗಿನ ಗಾಳಿಯನ್ನು ಪಂಪಿನಿಂದ ಹೀರಿದಾಗ ಹೊರಗಿನ ವಾಯುಭಾರವೇ ಪದರಗಳನ್ನು ಒತ್ತಿ ಹೆಚ್ಚಿನ ರಾಳವನ್ನೂ ಸಿಕ್ಕಿಕೊಂಡ ಗುಳ್ಳೆಗಳನ್ನೂ ಹೊರದೂಡುತ್ತದೆ. ಹಾಗೆಯೇ ಒಲೆಯಲ್ಲಿ ಕಾಯಿಸಲು ರಾಳವು ಗಡುಸಾಗುತ್ತದೆ. ಒಣ ಬಟ್ಟೆಯನ್ನು ಮುಚ್ಚಿದ ಅಚ್ಚಿನಲ್ಲಿಟ್ಟು ರಾಳವನ್ನು ಒತ್ತಡದಿಂದ ಒಳಸೇರಿಸುವ ಮಾರ್ಗವೂ ಬಳಕೆಯಲ್ಲಿದೆ.

ಅಚ್ಚಿನಿಂದ ತೆಗೆದ ಭಾಗಗಳ ಅಂಚನ್ನು ಸವರಿ, ನಾದರಂಧ್ರಗಳನ್ನು ಕೊರೆದು, ಎಪಾಕ್ಸಿ ಅಂಟಿನಿಂದ ಜೋಡಿಸುತ್ತಾರೆ. ಎಳೆಯನ್ನು ಕತ್ತರಿಸುವಾಗ ಏಳುವ ಧೂಳು ಚರ್ಮಕ್ಕೂ ಶ್ವಾಸಕೋಶಕ್ಕೂ ಕೆಡುಕಾದ್ದರಿಂದ ಕೆಲಸಗಾರರಿಗೆ ಮುಖಕವಚವೂ ಧೂಳನ್ನು ಹೀರುವ ಯಂತ್ರವೂ ಅನಿವಾರ್ಯ. ಪಿಟೀಲು ಜಾತಿಯ ವಾದ್ಯಗಳಲ್ಲಿ ಇಷ್ಟಾದ ಮೇಲೆಯೂ ಮರವು ಪೂರ್ಣವಾಗಿ ತೊಲಗುವುದಿಲ್ಲ: ಕುದುರೆಯು ಮೇಪಲ್ಲಿನದಾಗಿ, ಒಳಗಂಬವು ಸ್ಪ್ರೂಸಿನದಾಗಿ ಉಳಿಯುವುದೇ ಸಾಮಾನ್ಯ. ಇವುಗಳನ್ನು ಕೂದಲೆಳೆಯಷ್ಟು ಸರಿಸಿ, ಸವೆಯಿಸಿ ನಾದವನ್ನು ಹದಗೊಳಿಸುವ ಕುಶಲಿಯ ಕೈಚಳಕಕ್ಕೆ ಅಚ್ಚಿನ ವಾದ್ಯದಲ್ಲಿಯೂ ವಿರಾಮವಿಲ್ಲ.

ಅಚ್ಚಿನ ವಿಧಾನವು ಆಕೃತಿಯಲ್ಲಿಯೂ ಪರಿವರ್ತನೆ ತಂದಿದೆ. ಲೆಗಿಯಾ ಅವರ ಚೆಲ್ಲೊವಿನಲ್ಲಿ ಸೊಂಟದ ಇಕ್ಕೆಲದ ಚೂಪುಮೂಲೆಗಳಿಲ್ಲ. ಬಿರಡೆಪೆಟ್ಟಿಗೆಯ ತುದಿಯ ಸುರುಳಿಯಿಲ್ಲ. ಕಪ್ಪು ಮೈಯಲ್ಲಿ ನೇಯ್ಗೆಯ ಚೌಕಳಿ ಬೆಳಕಿಗೆ ಹೊಳೆಯುತ್ತದೆ. ಮರದ ಪಕ್ಕಪಟ್ಟಿಗಳನ್ನು ಕೂಡಿಸಲು ಬೇಕಾಗಿದ್ದ ಮೂಲೆಗಳು ಇಲ್ಲಿ ರಚನೆಯ ದೃಷ್ಟಿಯಿಂದ ಅನವಶ್ಯಕವಾದುದೇ ಅವನ್ನು ಕೈಬಿಟ್ಟುದಕ್ಕೆ ಕಾರಣ. ಜರ್ಮನಿಯ ಮೆಜ್ಜೊ ಫೋರ್ಟೆಯಂಥ ಸಂಸ್ಥೆಗಳು ಇದಕ್ಕೆ ಭಿನ್ನವಾಗಿ ರೂಢಿಯ ಮೂಲೆಗಳನ್ನು ಉಳಿಸಿಕೊಂಡಿವೆ.

ನಾದಗುಣ

ಪಿಟೀಲಿನ ಒಳಗಿನ ಗಾಳಿಯು ನಾದರಂಧ್ರಗಳ ಮೂಲಕ ಹೋಗಿಬರುತ್ತ ಉಂಟುಮಾಡುವ ಅನುನಾದವು 270ರಿಂದ 280 ಹರ್ಟ್ಸಿನ ಸುಮಾರಿನಲ್ಲಿರುತ್ತದೆ. ಇದು ಮುಖ್ಯವಾಗಿ ಒಡಲಿನ ಗಾತ್ರವನ್ನೂ ರಂಧ್ರಗಳ ವಿಸ್ತಾರವನ್ನೂ ಅವಲಂಬಿಸಿರುವುದರಿಂದ ವಸ್ತುವಿನ ಬದಲಾವಣೆಯಿಂದ ಹೆಚ್ಚು ವ್ಯತ್ಯಾಸ ಹೊಂದುವುದಿಲ್ಲ. ಒಡಲಿನ ಮುಖ್ಯ ಕಂಪನಗಳು ಸ್ಥೂಲವಾಗಿ 400ರಿಂದ 600 ಹರ್ಟ್ಸಿನ ನಡುವೆ ಇವೆ. ಇವುಗಳನ್ನು ಎಳೆಗಳ ಜೋಡಣೆಯಿಂದ ಬೇಕಾದ ಸ್ಥಾನಕ್ಕೆ ತರಬಹುದು. ನಿಜವಾದ ಭೇದವು ಇದಕ್ಕೂ ಮೇಲಿನ ಅಧಿಸ್ವರಗಳ ಪ್ರದೇಶದಲ್ಲಿದೆ. ಸ್ಪ್ರೂಸ್ ಮರದ ಅವಮಂದನವು ಕಂಪನಾಂಕವು ಏರಿದಂತೆ ಏರುತ್ತ ಹೋಗಿ, ಕರ್ಕಶವಾದ ತೀಕ್ಷ್ಣಾಂಶಗಳನ್ನು ತಾನಾಗಿಯೇ ಶೋಧಿಸುತ್ತದೆ. ಇಂಗಾಲದ ಎಳೆಯ ದಿಕ್ಕಿನಲ್ಲಿ ಅವಮಂದನ ಅದಕ್ಕಿಂತ ಕಡಿಮೆಯಾದ್ದರಿಂದ ಆ ಅಂಶಗಳು ಹೆಚ್ಚು ಉಳಿಯುತ್ತವೆ. ವಾದಕರು ಉಜ್ಜ್ವಲ, ಪ್ರಬಲ, ದೂರಕ್ಕೆ ಒಯ್ಯುವಂಥದು ಎಂದು ಹೊಗಳುವ ನಾದವೂ, ತೀಕ್ಷ್ಣ, ಮಾರ್ದವವಿಲ್ಲದ್ದು ಎಂದು ದೂರುವ ನಾದವೂ ಈ ಒಂದೇ ಕಾರಣದಿಂದ ಹುಟ್ಟಿದವು. ಅಗಸೆನಾರಿನ ಪದರವನ್ನು ಬೆರೆಸಿಯೋ, ನಡುವೆ ಮರವನ್ನಿಟ್ಟೋ ಅವಮಂದನವನ್ನು ಹೆಚ್ಚಿಸುವ ಯತ್ನಗಳು ಈ ದಿಕ್ಕಿನವೇ.

ನಾದಗುಣದ ತೀರ್ಪಿನಲ್ಲಿ ಕಣ್ಣಿನ ಪಾತ್ರವನ್ನು ಮರೆಯುವಂತಿಲ್ಲ. 2010ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಕ್ಲೌಡಿಯಾ ಫ್ರಿಟ್ಜ್ ಮತ್ತು ಜೋಸೆಫ್ ಕರ್ಟಿನ್ ನಡೆಸಿದ ಪರೀಕ್ಷೆಯಲ್ಲಿ 21 ಜನ ಪಿಟೀಲುಗಾರರು ವಾದ್ಯವು ಕಾಣದಂತೆ ಕನ್ನಡಕ ಧರಿಸಿ ಮೂರು ಹಳೆಯ ಇಟಲಿಯ ಪಿಟೀಲುಗಳನ್ನೂ ಮೂರು ಹೊಸ ಪಿಟೀಲುಗಳನ್ನೂ ನುಡಿಸಿದಾಗ, ಹಳೆಯದು ಯಾವುದು ಹೊಸದು ಯಾವುದು ಎಂಬುದನ್ನು ಬಹುಮಂದಿ ಗುರುತಿಸಲಾರದೆ ಹೋದರು. ಅಲ್ಲಿದ್ದುವೆಲ್ಲ ಮರದ ವಾದ್ಯಗಳಾದ್ದರಿಂದ ಆ ಫಲಿತಾಂಶವನ್ನು ಇಂಗಾಲಕ್ಕೆ ನೇರವಾಗಿ ಅನ್ವಯಿಸಲಾಗದು. ಆದರೂ ವಾದ್ಯದ ಹೆಸರನ್ನೂ ರೂಪವನ್ನೂ ಬಲ್ಲವನ ಕಿವಿಯು ನಿಷ್ಪಕ್ಷಪಾತಿಯಾಗಿರುವುದು ಕಷ್ಟವೆಂಬುದನ್ನು ಅದು ಸ್ಥಾಪಿಸಿತು.

ಪ್ರಭೇದಗಳು

ಒಡಲೂ ಕೊರಳೂ ಇಂಗಾಲದ್ದೇ ಆದ ಪೂರ್ಣ ವಾದ್ಯಗಳು ಒಂದು ವರ್ಗ. ಅಮೆರಿಕದ ರೈನ್‌ಸಾಂಗ್, ಐರ್ಲೆಂಡಿನ ಡೊನೆಗಾಲ್ ಪ್ರಾಂತದ ಎಮರಾಲ್ಡ್ ಸಂಸ್ಥೆಗಳ ಗಿಟಾರುಗಳು ಈ ಬಗೆಯವು. ಮರವೇ ಪ್ರಧಾನವಾಗಿದ್ದು ಇಂಗಾಲವು ಆಧಾರಮಾತ್ರವಾದ ಮಿಶ್ರ ವಾದ್ಯಗಳು ಇನ್ನೊಂದು ವರ್ಗ. ಇವುಗಳ ಪ್ರಭಾವ ಸದ್ದಿಲ್ಲದೆ ಹಬ್ಬಿದೆ. ಆಸ್ಟ್ರೇಲಿಯದ ಗ್ರೆಗ್ ಸ್ಮಾಲ್‌ಮನ್ ಬಹು ತೆಳುವಾದ ಮರದ ನಾದಫಲಕದ ಹಿಂಬದಿಗೆ ಬಾಲ್ಸಾ ಮತ್ತು ಇಂಗಾಲದ ಪಟ್ಟಿಗಳ ಜಾಲರಿಯನ್ನು ಅಂಟಿಸಿ ಶಾಸ್ತ್ರೀಯ ಗಿಟಾರಿನ ಧ್ವನಿಬಲವನ್ನು ಹೆಚ್ಚಿಸಿದನು. ಜಾನ್ ವಿಲಿಯಮ್ಸ್ ಅಂಥ ಖ್ಯಾತ ಗಿಟಾರುವಾದಕರು ಇದನ್ನು ನುಡಿಸಿದ ಮೇಲೆ ಆ ಪದ್ಧತಿಯು ಲೋಕಪ್ರಸಿದ್ಧವಾಯಿತು. ಮರದ ಕೊರಳಿನೊಳಗೆ ಬಾಗದಂತೆ ಇಂಗಾಲದ ಸರಳನ್ನು ಹುದುಗಿಸುವುದು ಇಂದು ಸಾಮಾನ್ಯ ರೂಢಿ. ವಿದ್ಯುತ್ ವಾದ್ಯಗಳದು ಮೂರನೆಯ ವರ್ಗ. ಅಲ್ಲಿ ಒಡಲು ನಾದವನ್ನು ಹೊಮ್ಮಿಸುವ ಹೊಣೆಯಿಲ್ಲದೆ ತಂತಿಗೆ ದೃಢವಾದ ಆಧಾರವಾದರೆ ಸಾಕಾದ್ದರಿಂದ ಇಂಗಾಲದ ಬಿಗಿತವು ನಿರಾತಂಕವಾಗಿ ಪ್ರಯೋಜನಕ್ಕೆ ಬರುತ್ತದೆ.

ಕಮಾನುಗಳು

ಇಂಗಾಲವು ಮರಕ್ಕೆ ನಿಜವಾಗಿ ಸರಿಸಾಟಿಯಾಗಿ ನಿಂತಿರುವುದು ವಾದ್ಯದಲ್ಲಿ ಅಲ್ಲ, ಕಮಾನಿನಲ್ಲಿ. ಫ್ರಾನ್ಸುವಾ ತೂರ್ತ್ (1747–1835) ಕಮಾನಿಗೆ ಇಂದಿನ ರೂಪವನ್ನು ಕೊಟ್ಟಂದಿನಿಂದ ಬ್ರೆಜಿಲ್ಲಿನ ಅಟ್ಲಾಂಟಿಕ್ ತೀರದ ಕಾಡಿನ ಪೆರ್ನಂಬುಕೊ ಮರವೇ ಉತ್ತಮವೆಂದು ಪರಿಗಣಿತವಾಗಿತ್ತು. ಆ ಕಾಡು ಕ್ಷೀಣಿಸಿದ ಕಾರಣ, ವಿನಾಶದ ಅಂಚಿನಲ್ಲಿರುವ ಜೀವಜಾತಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ 2007ರಲ್ಲಿ ಈ ಮರವು ಸೇರಿತು. ಬ್ರೆಜಿಲ್ಲಿನ ಸರಕಾರವು 2022ರಲ್ಲಿ ಪನಾಮದ ಸಮ್ಮೇಳನದಲ್ಲಿ ಇದನ್ನು ಅತಿ ಕಠಿಣವಾದ ಮೊದಲನೆಯ ಅನುಬಂಧಕ್ಕೆ ಏರಿಸಬೇಕೆಂದು ಸೂಚಿಸಿತಾದರೂ, ಎರಡನೆಯ ಅನುಬಂಧದಲ್ಲಿಯೇ ಉಳಿಸಿ ನಿಬಂಧನೆಗಳನ್ನು ಬಿಗಿಗೊಳಿಸುವ ತೀರ್ಮಾನವಾಯಿತು.

ಕಮಾನಿನ ಕಡ್ಡಿಯು ನಾದವನ್ನು ಗಾಳಿಗೆ ಹರಡುವುದಲ್ಲ. ಕುದುರೆಬಾಲದ ಕೂದಲನ್ನು ಹದವಾದ ಬಿಗಿತದಲ್ಲಿ ಹಿಡಿದು, ಕೈಯ ಆಜ್ಞೆಗೆ ಸ್ಪಂದಿಸುವುದು ಅದರ ಧರ್ಮ. ತೂಕ, ಬಿಗಿತ, ಸಮತೋಲಗಳೆಂಬ ಈ ಮೂರು ಗುಣಗಳನ್ನು ಇಂಗಾಲದ ಟೊಳ್ಳು ಕಡ್ಡಿಯಲ್ಲಿ ನಿಖರವಾಗಿ ಸಾಧಿಸಬಹುದು. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಕಮಾನುಕುಶಲಿ ಬೆನ್ವಾ ರೊಲಾನ್ 1990ರ ದಶಕದಲ್ಲಿ ಬಳಕೆಗೆ ತಂದ ಇಂಗಾಲದ ಕಮಾನಿನಿಂದ ಆರಂಭವಾಗಿ, ಮಿನೆಸೋಟದ ಕೋಡಾಬೋ, ಜರ್ಮನಿಯ ಆರ್ಕಸ್ ಮೊದಲಾದ ಸಂಸ್ಥೆಗಳ ಕಮಾನುಗಳು ಇಂದು ವಿದ್ಯಾರ್ಥಿಗಳಿಂದ ವೃತ್ತಿವಾದಕರವರೆಗೆ ಎಲ್ಲರ ಕೈಯಲ್ಲಿವೆ.

ಉಪಯೋಗಗಳು ಮತ್ತು ಇತಿಮಿತಿಗಳು

ಬಯಲು ಕಚೇರಿಗಳು, ಹಡಗು ಮತ್ತು ವಿಮಾನದ ಪಯಣ, ಶಾಲೆಗಳ ಒರಟು ಬಳಕೆ, ಉಷ್ಣವಲಯದ ಮಳೆಗಾಲ ಇವುಗಳಲ್ಲಿ ಇಂಗಾಲದ ವಾದ್ಯದ ಶ್ರೇಷ್ಠತೆ ನಿಸ್ಸಂದೇಹವಾದದ್ದು. ಅಪೂರ್ವವಾದ ಮರದ ವಾದ್ಯವುಳ್ಳ ವಾದಕರು ಅದನ್ನು ಮನೆಯಲ್ಲಿ ಕಾಪಾಡಿಕೊಂಡು ಅಪಾಯವಿರುವೆಡೆಗೆ ಇದನ್ನು ಒಯ್ಯುವ ರೂಢಿಯೂ ಇದೆ. ಮರ ಮತ್ತು ದಂತಗಳ ಪರವಾನಗಿಯ ತೊಡಕಿಲ್ಲದೆ ದೇಶದ ಗಡಿಗಳನ್ನು ದಾಟಬಹುದೆಂಬುದು ಇನ್ನೊಂದು ಸೌಕರ್ಯ. ಆದರೆ ಇಂಗಾಲದ ವಾದ್ಯವು ಎಂದಿಗೂ ಶ್ರುತಿ ತಪ್ಪದೆಂಬ ಪ್ರಚಾರದ ಮಾತು ಸರಿಯಲ್ಲ. ಒಡಲು ಕದಲದಿದ್ದರೂ ತಂತಿಗಳು ಶಾಖಕ್ಕೆ ಹಿಗ್ಗುತ್ತವೆ. ಆದ್ದರಿಂದ ಶ್ರುತಿಭೇದವು ಕಡಿಮೆಯಾಗುವುದೇ ಹೊರತು ಇಲ್ಲವಾಗುವುದಿಲ್ಲ.

ದುರಸ್ತಿಯ ವಿಷಯದಲ್ಲಿ ಮರವೇ ಮೇಲು. ಚರ್ಮದ ಅಂಟಿನಿಂದ ಕೂಡಿಸಿದ ಪಿಟೀಲನ್ನು ತೆಳುಅಲಗಿನಿಂದ ಬಿಚ್ಚಿ, ಸೀಳನ್ನು ಮುಚ್ಚಿ, ಮತ್ತೆ ಕೂಡಿಸಬಹುದು. ಮುನ್ನೂರು ವರ್ಷಗಳ ವಾದ್ಯಗಳು ಇಂದಿಗೂ ನುಡಿಯುತ್ತಿರುವುದು ಇದರಿಂದಲೇ. ಎಪಾಕ್ಸಿಯಿಂದ ಬೆಸೆದ ಒಡಲನ್ನು ಹಾಗೆ ಬಿಚ್ಚುವಂತಿಲ್ಲ. ಪರಿಸರದ ದೃಷ್ಟಿಯಿಂದಲೂ ಲೆಕ್ಕ ಸರಳವಲ್ಲ. ಕರಿಮರ, ಬೀಟೆ, ಪೆರ್ನಂಬುಕೊಗಳಂಥ ದುರ್ಲಭ ಮರಗಳ ಮೇಲಿನ ಒತ್ತಡವನ್ನು ಇಂಗಾಲವು ತಗ್ಗಿಸುತ್ತದೆಂಬುದು ದಿಟ. ಆದರೆ ಸ್ಪ್ರೂಸ್ ಮತ್ತು ಮೇಪಲ್ ಅಂಥ ವಿರಳ ಮರಗಳಲ್ಲ, ಮತ್ತು ಇಂಗಾಲದ ಎಳೆಯೋ ಪೆಟ್ರೋಲಿಯಮ್ ಮೂಲದ್ದಾಗಿ, ತಯಾರಿಕೆಗೆ ಅಪಾರ ಶಾಖವನ್ನು ಬೇಡಿ, ಒಡೆದ ಮೇಲೆ ಮಣ್ಣಿಗೆ ಸೇರದೆ ಉಳಿಯುತ್ತದೆ.

ಭಾರತೀಯ ವಾದ್ಯಗಳೊಡನೆ ಸಂಬಂಧ

ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಬಾಲುಸ್ವಾಮಿ ದೀಕ್ಷಿತರು ಮೊದಲಾದವರ ಮೂಲಕ ಕರ್ನಾಟಕ ಸಂಗೀತಕ್ಕೆ ಬಂದ ಪಿಟೀಲು, ಸ್ಪ್ರೂಸ್ ಮತ್ತು ಮೇಪಲ್ಲಿನ ಅದೇ ವಾದ್ಯ. ತೇವದ ಬಾಧೆಯೂ ಅದೇ. ಇಂಗಾಲದ ಪಿಟೀಲನ್ನು ಈ ಸಂಗೀತಕ್ಕೆ ಒಗ್ಗಿಸುವಲ್ಲಿ ಒಂದು ವಿಶೇಷ ಸಂಗತಿ ಪರಿಗಣನೆಗೆ ಬರುತ್ತದೆ. ನಮ್ಮ ವಾದಕರು ನೆಲದ ಮೇಲೆ ಕುಳಿತು ಪಿಟೀಲಿನ ಸುರುಳಿಯನ್ನು ಬಲಪಾದಕ್ಕೆ ಆನಿಸಿ, ಎಡಗೈಯನ್ನು ಗಮಕಗಳಿಗಾಗಿ ಸ್ವೇಚ್ಛೆಯಾಗಿ ಜಾರಿಸುತ್ತಾರೆ. ಸುರುಳಿಯನ್ನು ತೆಗೆದುಹಾಕಿದ ಆಕೃತಿಗಳು ಈ ಆಸನಕ್ಕೆ ಹೊಂದಬೇಕಾದರೆ ಆ ತುದಿಗೆ ಬೇರೆ ಆಧಾರವನ್ನು ಕಲ್ಪಿಸಬೇಕು.

ವೀಣೆಯ ಸ್ಥಿತಿ ಬೇರೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಂಥ ಊರುಗಳಲ್ಲಿಯೂ ತಂಜಾವೂರಿನಲ್ಲಿಯೂ ಹಲಸಿನ ಮರದಿಂದ ಕೊಡವನ್ನು ಕೊರೆದು ವೀಣೆ ಮಾಡುವ ಕಸುಬು ನಡೆದುಬಂದಿದೆ. ಹಲಸು ದುರ್ಲಭವಾದ ಮರವಲ್ಲ. ವೀಣೆಯ ನಾದವು ಕುದುರೆಯ ಮೇಲಿನ ಲೋಹದ ತಗಡಿನ ಬಾಗನ್ನೂ ಬಹಳವಾಗಿ ಅವಲಂಬಿಸಿದೆ. ಶ್ರುತಿ ಕೆಡಲು ಇಲ್ಲಿ ಮುಖ್ಯ ಕಾರಣ ಮೆಟ್ಟಿಲುಗಳನ್ನು ಕೂರಿಸಿರುವ ಮೇಣವು ಸೆಕೆಗೆ ಸಡಿಲುವುದು. ಒಡಲನ್ನು ಇಂಗಾಲದಿಂದ ಮಾಡಿದ ಮಾತ್ರಕ್ಕೆ ಆ ತೊಂದರೆ ನೀಗದು. ಆದ್ದರಿಂದ ವೀಣೆಯಲ್ಲಿ ಇಂಗಾಲಕ್ಕೆ ಪಿಟೀಲಿನಲ್ಲಿರುವಷ್ಟು ಅವಕಾಶವಿಲ್ಲ. ಕರ್ನಾಟಕದ ಕಾಡುಗಳಿಗೂ ಈ ವಿಷಯಕ್ಕೂ ಇರುವ ನಂಟು ಬೀಟೆಯ ಮೂಲಕ. ಪಶ್ಚಿಮಘಟ್ಟದ ಬೀಟೆಯು ಜಗತ್ತಿನ ಗಿಟಾರು ತಯಾರಕರಿಗೆ ಬೆನ್ನು, ಪಕ್ಕಗಳ ಮರವಾಗಿ ಚಿರಪರಿಚಿತ. ಬೀಟೆಯ ಕುಲವೆಲ್ಲ 2017ರ ಜನವರಿಯಿಂದ ಸೈಟಿಸ್ಸಿನ ಎರಡನೆಯ ಅನುಬಂಧಕ್ಕೆ ಒಳಪಟ್ಟಿತು. 2019ರ ಜಿನೀವಾ ಸಮ್ಮೇಳನವು ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರೂ, ಆ ನಡುವಿನ ವರ್ಷಗಳ ಇಕ್ಕಟ್ಟು ಅನೇಕ ತಯಾರಕರನ್ನು ಬದಲಿ ವಸ್ತುಗಳ ಕಡೆಗೆ ತಿರುಗಿಸಿತು.

ಇಂದಿನ ಸ್ಥಿತಿ

ಗಿಟಾರಿನಲ್ಲಿ ಇಂಗಾಲವು ಸಾಮಾನ್ಯರ ಕೈಗೆಟುಕುವಂತಾಗಿದೆ. ಚೀನದ ತಯಾರಕರು ಈ ಕ್ಷೇತ್ರವನ್ನು ಪ್ರವೇಶಿಸಿದ ಮೇಲೆ ಪ್ರಯಾಣಕ್ಕೆ ಅನುಕೂಲವಾದ ಚಿಕ್ಕ ಗಿಟಾರುಗಳು ವಿಪುಲವಾಗಿ ಬರುತ್ತಿವೆ. ಚೆಲ್ಲೊ ಮತ್ತು ಡಬಲ್ ಬಾಸುಗಳಲ್ಲಿ, ಮರದ ವಾದ್ಯದ ಗಾತ್ರವೂ ಬೆಲೆಯೂ ಒಡೆಯುವ ಭೀತಿಯೂ ಹೆಚ್ಚಾದ್ದರಿಂದ, ಇಂಗಾಲಕ್ಕೆ ಮನ್ನಣೆ ದೊರೆತಿದೆ. ಪಿಟೀಲಿನಲ್ಲಿ, ಅದರಲ್ಲಿಯೂ ಶಾಸ್ತ್ರೀಯ ವಾದ್ಯವೃಂದಗಳಲ್ಲಿ, ಮರದ ಪ್ರಾಬಲ್ಯ ಅಚಲವಾಗಿದೆ; ಅಲ್ಲಿ ನಾದದ ಜೊತೆಗೆ ವರ್ಣದ, ಪರಂಪರೆಯ, ಕಾಲಕ್ರಮದಲ್ಲಿ ಏರುವ ಬೆಲೆಯ ಗಣನೆಗಳೂ ಕೂಡಿವೆ. ಅಗಸೆನಾರು ಮತ್ತು ಸಸ್ಯಮೂಲದ ರಾಳದಿಂದ ಸಂಯೋಜಿತ ವಸ್ತುವನ್ನು ಮಾಡುವ ದಾರಿಯನ್ನು ಸ್ಯಾನ್ ಫ್ರಾನ್ಸಿಸ್ಕೊದ ಬ್ಲ್ಯಾಕ್‌ಬರ್ಡ್ ಸಂಸ್ಥೆಯು ಗಿಟಾರು ಮತ್ತು ಯುಕುಲೇಲಿಗಳಲ್ಲಿ ಹಿಡಿದಿದೆ. ಇಂಗಾಲಕ್ಕಿಂತ ಹಗುರವೂ ಅವಮಂದನದಲ್ಲಿ ಮರಕ್ಕೆ ಹೆಚ್ಚು ಸಮೀಪವೂ ಆದ ಈ ನಾರಿನ ಫಲಕಗಳ ಅಧ್ಯಯನವು ಗೆಂಟ್‌ನ ಪ್ರಯೋಗಗಳಲ್ಲಿಯೂ ಇಂಗಾಲದ ಫಲಕಗಳ ಜೊತೆಜೊತೆಗೆ ನಡೆದಿದೆ.